ಗೂಟಕ್ಕೆ ತೂಗಿದ ಬಂದೂಕು

ಮಹಾನವಮಿಯಂದು ಆಯುಧಪೂಜೆಗೆ ನೇಗಿಲು, ಕುಂಟೆ, ಕುಡುಗೋಲುಗಳನ್ನು ತೊಳೆದು, ವಿಭೂತಿ ಬಳಿದು, ಹೂವೇರಿಸುವುದು ನಮ್ಮ ಕಡೆಯ ರೈತರ ಮನೆಗಳ ವಾಡಿಕೆ. ಹಿಂದೆ ಕೂಡ್ಲಿಗಿ, ಕೊಟ್ಟೂರು ಸೀಮೆಯ ಕೆಲವು ಮನೆಗಳಲ್ಲಿ ಆ ಸಾಲಿನ ಕೊನೆಗೆ ಇನ್ನೊಂದು ವಸ್ತುವೂ ಇರುತ್ತಿತ್ತು. ಅದು ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ, ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕು. ನಮ್ಮ ಮನೆಯಲ್ಲಿಯೂ ಒಂದಿತ್ತು. ಯಾವುದೋ ಪಲ್ಟನ್ನಿನಿಂದ ಬಂದದ್ದೆಂದು ಅಜ್ಜನವರು ಹೇಳುತ್ತಿದ್ದರು. ನಿಜವೋ, ಮಕ್ಕಳ ಮುಂದಿನ ಬಡಾಯಿಯೋ, ಆ ಮಾತಿನಿಂದ ಅದರ ಮೇಲಿನ ನಮ್ಮ ಗೌರವವಂತೂ ಹೆಚ್ಚಿತ್ತು.

ಜೀವದಯೆಯನ್ನು ವ್ರತವೆಂದು ಪಾಲಿಸುವ ಲಿಂಗವಂತರ ಮನೆಯಲ್ಲಿ ಬಂದೂಕೇಕೆಂದು ಓದುಗರು ಕೇಳಬಹುದು. ನಮ್ಮ ಸೀಮೆಯ ನೆಲವನ್ನು ಕಂಡವರಿಗೆ ಉತ್ತರ ತಿಳಿದೀತು. ಇಲ್ಲಿ ಬಂಡೆಗಲ್ಲಿನ ಗುಡ್ಡದ ಬುಡಕ್ಕೇ ಜೋಳ, ಶೇಂಗಾದ ಹೊಲ. ಗುಡ್ಡದಲ್ಲಿ ಕರಡಿ, ಪೊದೆಯಲ್ಲಿ ಹಂದಿ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದು ರಾತ್ರಿ ಇಳಿದರೆ ವರ್ಷದ ದುಡಿಮೆ ಮಣ್ಣುಪಾಲು. ಮಳೆಯನ್ನೇ ನಂಬಿದ ಒಣಬೇಸಾಯದ ಸಂಸಾರಕ್ಕೆ ಆ ಒಂದು ರಾತ್ರಿಯ ನಷ್ಟವು ಮಗಳ ಮದುವೆಯನ್ನು ಮುಂದೂಡಿಸಬಲ್ಲದು.

ಅಜ್ಜನವರು ಮದ್ದನ್ನು ಅಳೆದು ಹೊಯ್ದು, ನಾರನ್ನು ತುರುಕಿ, ಸಲಾಕೆಯಿಂದ ಗಟ್ಟಿಸಿ, ಕೇಪು ಇಡುವವರೆಗೆ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆದರೆ ಅವರು ಚರೆ ಹಾಕುತ್ತಿರಲಿಲ್ಲ. ಕೇವಲ ಸದ್ದು. ಅದಕ್ಕೊಂದು ಕಾರಣವಿತ್ತು. ಒಮ್ಮೆ ಅಮವಾಸ್ಯೆಯ ರಾತ್ರಿ ಜೋಳದಲ್ಲಿ ಸರಸರ ಸದ್ದಾಗಿ, ಅವರು ಚರೆ ತುಂಬಿದ ಬಂದೂಕನ್ನೆತ್ತಿ ಗುರಿ ಹಿಡಿದಿದ್ದರು. ಅಷ್ಟರಲ್ಲಿ ಅತ್ತಲಿಂದ ಒಂದು ಕೆಮ್ಮು ಕೇಳಿಸಿತು. ತಪ್ಪಿಸಿಕೊಂಡ ಎತ್ತನ್ನು ಹುಡುಕುತ್ತ ಬಂದ ಮಗ್ಗುಲ ಹೊಲದವರು ಅವರು! ಅಜ್ಜನವರು ಬಂದೂಕನ್ನು ಕೆಳಗಿಟ್ಟು ಅಲ್ಲಿಯೇ ಕುಳಿತುಬಿಟ್ಟರಂತೆ. ಮರುದಿನ ಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಂದಿನಿಂದ ಆ ನಳಿಕೆಯೊಳಗೆ ಚರೆ ಬೀಳಲಿಲ್ಲ.

ಈ ನಾಡಿಗೂ ಬಂದೂಕಿಗೂ ಇರುವ ನಂಟು ಹಳೆಯದು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳು ಪಾಳೆಯಗಾರರ ಠಾಣ್ಯಗಳು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಸೈನ್ಯಬಲವನ್ನು ಮುರಿದನು. 1878ರ ಆಯುಧ ಕಾಯಿದೆಯು ಪರವಾನಗಿಯಿಲ್ಲದೆ ಪ್ರಜೆಗಳು ಬಂದೂಕು ಇಟ್ಟುಕೊಳ್ಳದಂತೆ ಮಾಡಿತು. ಅಹಿಂಸೆಯ ಪ್ರವಾದಿಯಾದ ಗಾಂಧೀಜಿಯವರೇ ಆ ಕಾಯಿದೆಯನ್ನು ಕಟುವಾಗಿ ಖಂಡಿಸಿದ್ದರೆಂಬುದು ಗಮನಾರ್ಹ. ಇಂದು ಜಾರಿಯಲ್ಲಿರುವುದು ಸ್ವತಂತ್ರ ಭಾರತದ 1959ರ ಕಾಯಿದೆ. ಸೈನ್ಯ, ಪೊಲೀಸರ ಕೈಯಲ್ಲಿದ್ದ 303 ರೈಫಲಿನ ಅಳತೆಯು ಜನಸಾಮಾನ್ಯರಿಗೆ ನಿಷಿದ್ಧ. ಅದಕ್ಕೆಂದೇ ಸರಕಾರಿ ಕಾರ್ಖಾನೆಗಳು ನಾಗರಿಕರಿಗಾಗಿ 315 ಅಳತೆಯ ಬೇರೆ ರೈಫಲನ್ನು ತಯಾರಿಸಿದವು.

ಅಮೆರಿಕದಲ್ಲಿ ಕಥೆ ಬೇರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಗಳಿಗೆ ಬೇಡವಾದ ರೈಫಲುಗಳು ಅಲ್ಲಿ ಅಗ್ಗದ ಸರಕಾಗಿ ಅಂಗಡಿಗೆ ಬಂದವು. ಅಂಚೆಯ ಮೂಲಕವೂ ಮನೆಗೆ ತಲುಪುತ್ತಿದ್ದವು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಬಲಿತೆಗೆದುಕೊಂಡದ್ದು ಅಂಚೆಯಲ್ಲಿ ಸುಮಾರು 20 ಡಾಲರಿಗೆ ತರಿಸಿದ್ದ ಇಟಲಿಯ ಹಳೆಯ ಸೈನಿಕ ರೈಫಲು. 1968ರಲ್ಲಿ ಆ ದೇಶ ಅಂಥ ವ್ಯಾಪಾರಕ್ಕೆ ಕಡಿವಾಣ ಹಾಕಿತು. ನಮ್ಮ ಕೊಡಗಿನ ಪರಿ ಇನ್ನೊಂದು. 1861ರಿಂದ ಪರವಾನಗಿಯ ವಿನಾಯಿತಿ ಪಡೆದಿರುವ ಕೊಡವರೂ ಜಮ್ಮಾ ಹಿಡುವಳಿದಾರರೂ ಕೈಲು ಮುಹೂರ್ತದಂದು ಕೋವಿಯನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಸಂಭ್ರಮಿಸುತ್ತಾರೆ. 2019ರಲ್ಲಿ ಆ ವಿನಾಯಿತಿಯನ್ನು ಇನ್ನೂ ಹತ್ತು ವರ್ಷ ಮುಂದುವರಿಸಲಾಯಿತು. ಒಂದೆಡೆ ಆಯುಧವು ಸಂತೆಯ ಸರಕು, ಇನ್ನೊಂದೆಡೆ ಕುಲದ ಹಿರಿಯರ ಮುಡಿಪು. ಎಲ್ಲಿ ಅದಕ್ಕೆ ಹಿರಿಯರ ಕಟ್ಟಳೆ ಇದೆಯೋ ಅಲ್ಲಿ ಅದು ಹದದಲ್ಲಿರುತ್ತದೆ ಎಂಬುದು ನಮ್ಮ ಅನಿಸಿಕೆ.

ಈಗ ನಮ್ಮ ಹಳ್ಳಿಗಳಲ್ಲಿ ಆ ಬಂದೂಕುಗಳು ವಿರಳ. ಚುನಾವಣೆ ಬಂದಾಗಲೆಲ್ಲ ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಯ್ದೊಪ್ಪಿಸುವ, ಮತ್ತೆ ತರುವ, ಪರವಾನಗಿಯನ್ನು ನವೀಕರಿಸುವ ಅಲೆದಾಟಕ್ಕೆ ಬೇಸತ್ತು ಎಷ್ಟೋ ಮನೆಗಳವರು ಅದನ್ನು ಕೈಬಿಟ್ಟರು. ಕಟ್ಟೆಯ ಮೇಲೆ ಕುಳಿತ ಹಿರಿಯರು, "ಬಂದೂಕಿದ್ದ ಕಾಲವೇ ಚೆಂದಿತ್ತು" ಎಂದು ನಿಟ್ಟುಸಿರಿಡುತ್ತಾರೆ. ನಮಗೂ ಮದ್ದಿನ ಆ ವಾಸನೆ ನೆನಪಾದಾಗ ಮನಸ್ಸು ಬಾಲ್ಯಕ್ಕೆ ಓಡುತ್ತದೆ. ಆದರೆ ನಾವು ಕಳೆದುಕೊಂಡದ್ದು ಬಂದೂಕನ್ನೋ, ಅದನ್ನು ಹಿಡಿದಿದ್ದವರ ಎಚ್ಚರವನ್ನೋ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಬಂದೂಕು ಹೋದ ಹೊಲಗಳ ಪೈಕಿ ಕೆಲವಕ್ಕೆ ಕಳ್ಳ ವಿದ್ಯುತ್ತಿನ ತಂತಿ ಬಂದಿದೆ. ಹಂದಿಗೆಂದು ಬದುವಿನುದ್ದಕ್ಕೂ ಎಳೆದ ತಂತಿಗೆ ಸಿಕ್ಕು ರಾಜ್ಯದಲ್ಲಿ ಆನೆ, ಕರಡಿಗಳಷ್ಟೇ ಅಲ್ಲ, ಮನುಷ್ಯರೂ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಕೆಲವೊಮ್ಮೆ ಸತ್ತವರು ತಂತಿ ಎಳೆದ ಮನೆಯವರೇ! ಬಂದೂಕಿನ ಹಿಂದೆ ಒಬ್ಬ ಮನುಷ್ಯನಿದ್ದನು. ಕೆಮ್ಮು ಕೇಳಿದರೆ ಅವನ ಕೈ ತಡೆಯುತ್ತಿತ್ತು. ತಂತಿಗೆ ಕಿವಿಯಿಲ್ಲ, ಕರುಣೆಯೂ ಇಲ್ಲ. ಅದನ್ನು ಎಳೆದವನು ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ. ಬೆಳೆ ಕಾಯುವುದು ಕಾಯಕವೇ ಸರಿ. ಆದರೆ ಕಾಯುವವನೇ ಇಲ್ಲದ ಕಾವಲು ಕಾಯಕವಾಗಲಾರದು.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಎರಡು ಮಾತು ಇತ್ಯರ್ಥವಾಗಬೇಕು. ಹಿರಿಯರು ಲಿಂಗೈಕ್ಯರಾದ ಮೇಲೆ ಅವರ ಬಂದೂಕು ಅಟ್ಟದ ಮೇಲೆ ಉಳಿದಿದ್ದರೆ, ನೆನಪಿನ ವಸ್ತುವೆಂದು ಅಡಗಿಸಿಡಬಾರದು. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಳಂಬವಿಲ್ಲದೆ ಠಾಣೆಗಾಗಲಿ, ಪರವಾನಗಿ ಪಡೆದ ವ್ಯಾಪಾರಿಗಾಗಲಿ ಒಪ್ಪಿಸಿ, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಎರಡನೆಯದಾಗಿ, ಹೊಲದ ತಂತಿಗೆ ಮನೆಯ ವಿದ್ಯುತ್ತನ್ನು ಹರಿಸುವ ಕೆಲಸವನ್ನು ಇಂದೇ ನಿಲ್ಲಿಸಬೇಕು. ನಿಯಮದಂತೆ ಹಾಕಿದ ಸೌರಬೇಲಿಯು ಕ್ಷಣಮಾತ್ರದ ಹೊಡೆತದಿಂದ ಪ್ರಾಣಿಯನ್ನು ಹೆದರಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಅದು ರೈತನ ನಷ್ಟವನ್ನೆಲ್ಲ ತುಂಬಲಾರದೆಂಬುದು ನಿಜ. ಆದರೂ ಅರ್ಜಿ ಕೊಡುವುದನ್ನು ಬಿಡಬಾರದು. ಕರಡಿಯಂತೂ 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. 1994ರಲ್ಲಿ ದರೋಜಿಯಲ್ಲಿ ಕರಡಿಧಾಮವಾಯಿತು, ಮುಂದೆ ನಮ್ಮ ಗುಡೇಕೋಟೆಯಲ್ಲಿಯೂ ಆಯಿತು. ಅವು ನಮ್ಮ ನೆರೆಹೊರೆಯವೆಂದೇ ತಿಳಿದು ಬಾಳಬೇಕಾಗಿದೆ.

ಅಜ್ಜನವರು ಲಿಂಗೈಕ್ಯರಾದ ತಿಂಗಳೊಳಗೆ ನಮ್ಮ ತಂದೆಯವರು ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಗೂಟ ಮಾತ್ರ ಉಳಿದಿದೆ, ಈಗ ಅದಕ್ಕೆ ರಾತ್ರಿ ಹೊಲಕ್ಕೆ ಒಯ್ಯುವ ಬ್ಯಾಟರಿ ತೂಗುತ್ತದೆ. ಮಹಾನವಮಿಯಂದು ಅದಕ್ಕೂ ವಿಭೂತಿ ಬಳಿಯುತ್ತೇವೆ. ಬೆಳೆಯನ್ನು ಕಾಯೋಣ, ಎಚ್ಚರವಿದ್ದು ಕಾಯೋಣ.