ಮೂತ್ರದಲ್ಲಿ ರಕ್ತ ಕಂಡರೆ ‘ಉಷ್ಣ’ ಎಂದು ಸುಮ್ಮನಿರಬೇಡಿ

ಮೂತ್ರ ಕೆಂಪಗೆ ಹೋದರೆ ನಮ್ಮ ಊರುಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು, ಬಾರ್ಲಿ ನೀರು ಕುಡಿಯುತ್ತೇವೆ. ಎರಡು ದಿನದಲ್ಲಿ ರಕ್ತ ನಿಲ್ಲುತ್ತದೆ, ಮರೆತುಬಿಡುತ್ತೇವೆ. ಆದರೆ ನೋವಿಲ್ಲದೆ ರಕ್ತ ಹೋಗಿ ತಾನಾಗಿಯೇ ನಿಲ್ಲುವುದು ಮೂತ್ರಕೋಶದ ಕ್ಯಾನ್ಸರ್‌ನ ಮುಖ್ಯ ಲಕ್ಷಣವೂ ಹೌದು. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಬೇಗ ಪತ್ತೆಯಾದರೆ ಗೆಡ್ಡೆಯನ್ನು ಒಳಗಿನಿಂದಲೇ ಕೆರೆದು ತೆಗೆದು, ಅಗತ್ಯವಿದ್ದರೆ ಮೂತ್ರಕೋಶದೊಳಗೆ ಬಿಸಿಜಿ ಬಿಡುತ್ತಾರೆ. ಹೌದು, ಕೂಸುಗಳ ತೋಳಿಗೆ ಹಾಕುವ ಅದೇ ಬಿಸಿಜಿ. ಮೈಯೊಳಗಿನ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡುವ ಈ ಇಮ್ಯುನೊಥೆರಪಿಯನ್ನು ಕೆನಡಾದ ವೈದ್ಯರು 1976ರಲ್ಲೇ ವರದಿ ಮಾಡಿದ್ದರು.

ರೋಗ ಸ್ನಾಯುವಿಗೆ ಇಳಿದರೆ ಕಷ್ಟ. ಆಗ ಇಡೀ ಮೂತ್ರಕೋಶ ತೆಗೆಯಬೇಕಾಗಬಹುದು. ಹಲವರು ಹೊಟ್ಟೆಗೆ ಮೂತ್ರದ ಚೀಲ ಅಂಟಿಸಿಕೊಂಡೇ ಬದುಕಬೇಕು. ಕೆಲವರಿಗೆ ಕೋಶ ಉಳಿಸುವ ದಾರಿಯೂ ಇದೆ: ಗೆಡ್ಡೆ ಕೆರೆದು, ಕಿಮೊ ಮತ್ತು ನಮ್ಮ ಜನ ‘ಕರೆಂಟ್’ ಎನ್ನುವ ರೇಡಿಯೇಷನ್ ಒಟ್ಟಿಗೆ ಕೊಡುವುದು. ಬ್ರಿಟನ್ನಿನಲ್ಲಿ 360 ರೋಗಿಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಲೆಕ್ಕದಲ್ಲಿ, ಆ ಭಾಗದಲ್ಲಿ ರೋಗ ಮರಳದೆ ಇದ್ದವರು ಬರೀ ಕರೆಂಟ್ ಪಡೆದವರಲ್ಲಿ ಶೇ 54, ಕಿಮೊ ಸೇರಿಸಿದಾಗ ಶೇ 67.

ಈಗ ಈ ಜೋಡಿಗೆ ಹೊಸ ಇಮ್ಯುನೊಥೆರಪಿ ಔಷಧಗಳನ್ನೂ ಸೇರಿಸಿ ಪ್ರಯೋಗ ನಡೆಸಿದ್ದಾರೆ. ಅದಿನ್ನೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ. ಆದರೆ ಆಪರೇಷನ್ ಮಾಡುವವರಿಗೆ ಕಿಮೊ ಜೊತೆ ಡುರ್ವಾಲುಮ್ಯಾಬ್ ಕೊಟ್ಟ 2024ರ ಅಧ್ಯಯನದಲ್ಲಿ ಎರಡು ವರ್ಷದ ನಂತರ ಶೇ 82 ಮಂದಿ ಬದುಕಿದ್ದರು. ಅದಿಲ್ಲದೆ ಶೇ 75. ಅದೇ ವರ್ಷ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಈ ಔಷಧದ ಕಸ್ಟಮ್ಸ್ ಸುಂಕ ತೆಗೆದುಹಾಕಿತು. ಆದರೂ ಪೂರ್ತಿ ಚಿಕಿತ್ಸೆ ಲಕ್ಷಗಟ್ಟಲೆ.

ಸುಂಕ ಇಳಿಸಿದ್ದು ಸರಿ, ಆದರೆ ಸಾಲದು ಎನ್ನುವುದು ನಮ್ಮ ಮಾತು. ಕರೆಂಟ್ ಚಿಕಿತ್ಸೆಗೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರೂವರೆ ವಾರ ಯಂತ್ರ ಇರುವ ಊರಿನಲ್ಲೇ ಉಳಿಯಬೇಕು. ರೋಗಿಯ ಕೂಲಿಯೂ ಹೋಯಿತು, ಜೊತೆಗಿರುವವರ ಕೂಲಿಯೂ ಹೋಯಿತು. ಆರೋಗ್ಯ ಕಾರ್ಡಿನಲ್ಲಿ ಆಸ್ಪತ್ರೆ ಬಿಲ್ಲು ತೀರಿದರೂ ರೂಮಿನ ಬಾಡಿಗೆ, ಊಟದ ಖರ್ಚು ತೀರುವುದಿಲ್ಲ. ಸರ್ಕಾರ ತಂಗಲು ಜಾಗ ಕೊಡಲಿ. ಮೂತ್ರಕೋಶದೊಳಗೆ ದುರ್ಬೀನು ಇಟ್ಟು ನೋಡುವ ಪರೀಕ್ಷೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸಿಗಲಿ.

ನಮ್ಮ ಕೈಲಿರುವುದು ಇಷ್ಟು: ಒಂದೇ ಒಂದು ಸಲ ರಕ್ತ ಕಂಡರೂ ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಬಗ್ಗೆ ಕೇಳಿ. ‘ಇನ್ಫೆಕ್ಷನ್’ ಎಂದು ಮಾತ್ರೆ ಕೊಟ್ಟ ಮೇಲೂ ರಕ್ತ ಮರಳಿದರೆ ಮೂತ್ರರೋಗ ತಜ್ಞರ ಹತ್ತಿರ ಹೋಗಿ. ಎಳನೀರು ಕುಡಿಯಿರಿ, ಬೇಡ ಎನ್ನುವುದಿಲ್ಲ. ಪರೀಕ್ಷೆ ಮಾಡಿಸಿ ಬಂದು ಕುಡಿಯಿರಿ.