ಹೆಜ್ಜೆಗುರುತು: ಕೋಟೆಯೊಳಗಿನ ಸಂತ ಅಂತೋಣಿ

ಮಳೆ ನಿಂತು ಗುಡ್ಡದ ಹುಲ್ಲು ಇನ್ನೂ ಹಸಿರಾಗಿರುವ ದಿನಗಳಲ್ಲಿ, ಅಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ದಕ್ಷಿಣ ಗೋವೆಯ ಕಡಲಗುಡ್ಡಗಳನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಮಡಗಾಂವ್‌ನಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ, ಸಾಳ ನದಿ ಸಮುದ್ರ ಸೇರುವ ಬೇತುಲ್ ದಾಟಿ ಮುಂದೆ ಹೋದರೆ, ಕಾಣಕೋಣ ತಾಲೂಕಿನ ಖೋಲಾ ಗ್ರಾಮದ ಅಂಚಿನಲ್ಲಿ ಒಂದು ಗುಡ್ಡ ಕಡಲಿನೊಳಕ್ಕೆ ಮೂಗು ಚಾಚಿ ನಿಂತಿದೆ. ಅದರ ಮೇಲಿರುವುದೇ ಕಾಬೊ ದ ರಾಮ ಕೋಟೆ. ವನವಾಸದ ಕಾಲದಲ್ಲಿ ರಾಮ, ಸೀತೆ, ಲಕ್ಷ್ಮಣರು ಇಲ್ಲಿ ತಂಗಿದ್ದರೆಂಬುದು ಊರಿನ ನಂಬಿಕೆ. ‘ಕಾಬೊ’ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಭೂಶಿರ. ರಾಮನ ಭೂಶಿರ! ಬಂದವರು ಬೇರೆ ಧರ್ಮದವರಾದರೂ ಊರಿನ ರಾಮನನ್ನು ಹೆಸರಿನಿಂದ ಕಿತ್ತುಹಾಕಲಿಲ್ಲ.

ಈ ಕಡೆಯ ಗುಡ್ಡಗಳೆಲ್ಲ ಮುರಕಲ್ಲಿನವು. ಮಂಗಳೂರು, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರಿಗೆ ಮಾತ್ರ ಆ ಕೆಂಪು, ತೂತು ತೂತಾದ ಕಲ್ಲು ಹೊಸದು. ಮಣ್ಣಿನೊಳಗೆ ಇರುವಾಗ ಮೆದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಹಾಗಾಗಿಯೇ ಇಲ್ಲಿ ಮನೆ, ಬಾವಿ, ದೇವಾಲಯ, ಕೋಟೆ ಎಲ್ಲವೂ ಒಂದೇ ಕಲ್ಲಿನಿಂದ ಎದ್ದಿವೆ. ಮಳೆಗಾಲದ ಕೊನೆಗೆ ಆ ಬೋಳು ಕಲ್ಲಿನ ಮೇಲೆ ಬೆರಳುದ್ದದ ನೇರಳೆ ಮತ್ತು ಬಿಳಿ ಹೂವುಗಳು ಹಾಸುತ್ತವೆ. ಆದರೆ ಪಾಚಿ ಕಟ್ಟಿದ ಮುರಕಲ್ಲು ಬಹಳ ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ.

ಕೋಟೆಯ ಬಾಗಿಲಿಗೆ ಬರುವಾಗ ಮೊದಲು ಕಾಣುವುದು ಒಣಗಿದ ಕಂದಕ. ಒಳಗೆ ಹೋದರೆ ತುಕ್ಕು ಹಿಡಿದ ತೋಪುಗಳು ಅಲ್ಲಲ್ಲಿ ಬಿದ್ದಿವೆ, ಕೆಲವು ಹುಲ್ಲಿನಲ್ಲಿ ಅರ್ಧ ಹೂತಿವೆ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ 21 ತೋಪುಗಳು, ಸಿಪಾಯಿಗಳ ವಸತಿ, ಅಧಿಕಾರಿಯ ಮನೆ ಎಲ್ಲವೂ ಇದ್ದವು. ಈಗ ಗೋಡೆಗಳಿಗೆ ಬೇರುಗಳು ನುಗ್ಗಿವೆ, ಮಾಡು ಇಲ್ಲ. ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಪಶ್ಚಿಮದ ಕೊತ್ತಲದವರೆಗೆ ನಡೆದರೆ ಕೆಳಗೆ ಕಡಲು, ಉತ್ತರಕ್ಕೂ ದಕ್ಷಿಣಕ್ಕೂ ಮರಳಿನ ತೀರ. ಶತ್ರುವಿನ ಹಡಗು ಎಷ್ಟು ದೂರದಿಂದ ಕಾಣುತ್ತಿತ್ತು ಎಂಬುದು ಅಲ್ಲಿ ನಿಂತಾಗ ತಾನಾಗಿಯೇ ತಿಳಿಯುತ್ತದೆ. ಅಂಚಿನಲ್ಲಿ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಈ ಕೋಟೆಗೆ ನಮ್ಮ ಕನ್ನಡ ನಾಡಿನೊಂದಿಗೆ ಇರುವ ನಂಟನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪೋರ್ಚುಗೀಸರಿಗಿಂತ ಮೊದಲು ಇದು ಸೋದೆಯ ಅರಸರದಾಗಿತ್ತು. ಶಿರಸಿಯ ಹತ್ತಿರದ ಸೋದೆ ಇಂದು ಮಠಗಳ ಊರು. ಒಂದು ಕಾಲದಲ್ಲಿ ಅದು ರಾಜಧಾನಿ. ಕನ್ನಡದಲ್ಲಿ ಸ್ವರವಚನಗಳನ್ನು ಬರೆದ ಸದಾಶಿವರಾಯ ಆ ಮನೆತನದವನು. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋದೆಯ ಮೇಲೆ ಬಂದಾಗ ಅಲ್ಲಿನ ಅರಸ ರಾಜ್ಯ ಬಿಟ್ಟು ಗೋವೆಗೆ ಓಡಿಬಂದು ಪೋರ್ಚುಗೀಸರ ಆಶ್ರಯ ಕೇಳಿದ. ಆಶ್ರಯ ಸಿಕ್ಕಿತು, ಜೀವನಕ್ಕೆ ಹಣವೂ ಸಿಕ್ಕಿತು. ಆದರೆ ಅವನ ನಾಡಿನ ಘಟ್ಟದ ಕೆಳಗಿನ ಭಾಗವನ್ನೂ ಈ ಕೋಟೆಯನ್ನೂ ‘ಕಾಪಾಡುತ್ತೇವೆ’ ಎಂದು ಪೋರ್ಚುಗೀಸರೇ ಹಿಡಿದರು. 1791ರ ಒಪ್ಪಂದದಲ್ಲಿ ಫೋಂಡಾ, ಕಾಣಕೋಣ, ಕಾಬೊ ದ ರಾಮ ಎಲ್ಲವೂ ಬರವಣಿಗೆಯಲ್ಲೇ ಅವರ ಪಾಲಾದವು. ಅರಸನ ಮನೆತನ ಫೋಂಡಾದ ಬಾಂದೋಡೆಯಲ್ಲಿ ನೆಲೆಸಿತು. ಮನೆ ಕಳೆದುಕೊಂಡು ಬಾಗಿಲಿಗೆ ಬಂದವನಿಗೆ ಒಂದು ಕೈಯಲ್ಲಿ ಅನ್ನ ಕೊಟ್ಟು ಇನ್ನೊಂದು ಕೈಯಲ್ಲಿ ಹೊಲದ ಪತ್ರ ಇಸಿದುಕೊಂಡ ಹಾಗಾಯಿತು. ಹಾಗೆ ಮಾಡಿದವರು ನಮ್ಮದೇ ಧರ್ಮದವರು ಎಂಬುದನ್ನು ನಾವು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಇನ್ನೊಂದನ್ನೂ ಹೇಳಬೇಕು. ಫೋಂಡಾ ಅದಕ್ಕೂ ಮೊದಲೇ ಆಶ್ರಯದ ಊರು. 16ನೆಯ ಶತಮಾನದಲ್ಲಿ ಸಾಸಷ್ಟಿಯ ದೇವಸ್ಥಾನಗಳನ್ನು ಪೋರ್ಚುಗೀಸರು ಕೆಡವಿದಾಗ ಹಿಂದೂ ಕುಟುಂಬಗಳು ತಮ್ಮ ದೇವರ ಮೂರ್ತಿಗಳನ್ನು ಹೊತ್ತು ನದಿ ದಾಟಿ ಅಲ್ಲಿಗೇ ಹೋಗಿದ್ದವು; ಇಂದಿನ ಮಂಗೇಶಿ ದೇವಸ್ಥಾನ ಹಾಗೆ ಬಂದದ್ದು. ಎರಡು ಶತಮಾನಗಳ ನಂತರ ಸೋದೆಯ ಸೀಮೆ ಕೈಗೆ ಬಂದಾಗ ಪೋರ್ಚುಗೀಸರ ನಡೆ ಬದಲಾಗಿತ್ತು. ಹೊಸದಾಗಿ ಸೇರಿದ ತಾಲೂಕುಗಳ ಜನರ ದೇವಸ್ಥಾನ, ಆಚಾರಗಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಕಾಣಕೋಣದಲ್ಲಿ ಇಂದಿಗೂ ದೇವಸ್ಥಾನ, ದೇವಾಲಯಗಳು ಅಕ್ಕಪಕ್ಕದಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ.

ಹಾಳುಬಿದ್ದ ಈ ಕೋಟೆಯಲ್ಲಿ ಹಾಳಾಗದೆ ಉಳಿದಿರುವುದು ಒಂದೇ ಕಟ್ಟಡ: ಸುಣ್ಣ ಬಳಿದು ಬೆಳ್ಳಗೆ ನಿಂತಿರುವ ಸಂತ ಅಂತೋಣಿಯವರ ದೇವಾಲಯ. ಸಿಪಾಯಿಗಳು ಹೋದರು, ಅಧಿಕಾರಿ ಹೋದ, ಭಕ್ತರು ಉಳಿದರು. ಅವರು ಮಾಡು ಸರಿಮಾಡಿ ದೀಪ ಹಚ್ಚುತ್ತಾ ಬಂದದ್ದರಿಂದ ಅದು ಉಳಿದಿದೆ, ಕಲ್ಲಿನ ಗಟ್ಟಿತನದಿಂದಲ್ಲ; ಪಕ್ಕದ ಸಿಪಾಯಿ ವಸತಿಯೂ ಅದೇ ಕಲ್ಲಿನದಾಗಿತ್ತಲ್ಲ.

“ತೋಪುಗಳ ನಡುವೆ ಸಂತರಿಗೆ ಏನು ಕೆಲಸ?” ಎಂದು ನಮ್ಮ ಜೊತೆಗಿದ್ದ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸಂತ ಅಂತೋಣಿಯವರನ್ನು ನಾವು ಪಡುವಾದವರೆಂದು ಕರೆದರೂ ಅವರು ಹುಟ್ಟಿದ್ದು 1195ರಲ್ಲಿ ಲಿಸ್ಬನ್‌ನಲ್ಲಿ, ಪೋರ್ಚುಗೀಸರಿಗೆ ಅವರು ಮನೆಯ ಮಗ. ಹಾಗಾಗಿ ಹಡಗಿನಲ್ಲಿ, ಕೋಟೆಯಲ್ಲಿ ಎಲ್ಲ ಕಡೆ ಅವರ ಸ್ವರೂಪ ಇರುತ್ತಿತ್ತು. ಗೋವೆಯ ಉತ್ತರ ತುದಿಯ ತೇರೆಖೋಲ್ ಕೋಟೆಯೊಳಗಿನ ದೇವಾಲಯವೂ ಅವರದೇ. ಅಷ್ಟಕ್ಕೇ ನಿಲ್ಲಲಿಲ್ಲ. 1668ರಲ್ಲಿ ಪೋರ್ಚುಗಲ್ಲಿನ ಲಾಗೋಸ್ ಎಂಬಲ್ಲಿನ ದಳಕ್ಕೆ ಅವರನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿಸಿಕೊಂಡರು, 1683ರಲ್ಲಿ ಕ್ಯಾಪ್ಟನ್ ಹುದ್ದೆಗೆ ಬಡ್ತಿ ಕೊಟ್ಟರು! ತೀರಿಹೋಗಿ ನಾಲ್ಕು ಶತಮಾನ ಕಳೆದಿದ್ದವು. ಹಳೆ ಗೋವೆಯ ಸಂತ ಅಂತೋಣಿಯವರ ದೇವಾಲಯದ ಸ್ವರೂಪಕ್ಕೂ ಕ್ಯಾಪ್ಟನ್ ಪದವಿ ಇತ್ತು. ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಖಜಾನೆಗೆ ಕೊಂಡೊಯ್ದು ಸಂಬಳ ಪಡೆಯುತ್ತಿದ್ದರು. ಕೇಳಿದರೆ ನಗು ಬರುತ್ತದೆ. ಭಕ್ತಿಯೂ ಇರಬಹುದು, ಆದರೆ ಬಡತನದ ವ್ರತ ಹಿಡಿದ ಫ್ರಾನ್ಸಿಸ್ಕನ್ ಸನ್ಯಾಸಿಯ ಹೆಗಲಿಗೆ ಸೈನ್ಯದ ಪಟ್ಟಿ ಹಾಕಿದ್ದು ನಮಗೆ ಅಷ್ಟಾಗಿ ರುಚಿಸುವುದಿಲ್ಲ.

ಕೋಟೆ ಕೋಟೆಯಾಗಿ ಉಪಯೋಗಕ್ಕೆ ಬಾರದ ಮೇಲೆ ಅದರ ಒಂದು ಭಾಗ ಸೆರೆಮನೆಯಾಯಿತು. 1955ರವರೆಗೂ ಇಲ್ಲಿ ಕೈದಿಗಳಿದ್ದರು. ಮೂರು ಕಡೆ ಕಡಲು, ಒಂದು ಕಡೆ ಕಾಡು, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ದೇವಾಲಯದ ಗಂಟೆ ಅವರ ಕಿವಿಗೂ ಬೀಳುತ್ತಿತ್ತು.

ಸಂತ ಅಂತೋಣಿಯವರಿಗೆ ತಕ್ಕ ಕೆಲಸ ಇದ್ದದ್ದು ಇಲ್ಲಿಯೇ ಎಂದು ನಮಗೆ ಅನಿಸುತ್ತದೆ. ಅವರು ತೀರಿಹೋದ ವರ್ಷ 1231. ಆ ವರ್ಷದ ತಪಸ್ಸುಕಾಲದಲ್ಲಿ ಅವರು ಪಡುವಾದಲ್ಲಿ ದಿನಾಲೂ ಪ್ರಬೋಧನೆ ಮಾಡಿದರು, ಬಡ್ಡಿ ಲೇವಾದೇವಿಯವರ ವಿರುದ್ಧ ಕಟುವಾಗಿ ಮಾತಾಡಿದರು. ಅಂದು ಸಾಲ ತೀರಿಸಲಾರದವನನ್ನು ಸೆರೆಗೆ ಹಾಕುತ್ತಿದ್ದರು. ಸೆರೆಯಲ್ಲಿದ್ದವನು ದುಡಿಯಲಾರ, ದುಡಿಯದವನು ಸಾಲ ತೀರಿಸಲಾರ, ಹಾಗಾಗಿ ಬಿಡುಗಡೆಯೇ ಇಲ್ಲ. ಮಾರ್ಚ್ ತಿಂಗಳಲ್ಲಿ ಪಡುವಾ ನಗರ ಒಂದು ಹೊಸ ಕಟ್ಟಳೆ ಮಾಡಿತು: ಸಾಲಗಾರನು ತನ್ನ ಆಸ್ತಿಯನ್ನು ಬಿಟ್ಟುಕೊಟ್ಟರೆ ಅವನ ದೇಹವನ್ನು ಸೆರೆಯಲ್ಲಿ ಇಡಬಾರದು. ಇದನ್ನು ಸಹೋದರ ಅಂತೋಣಿಯ ಕೋರಿಕೆಯ ಮೇರೆಗೆ ಮಾಡಲಾಗಿದೆಯೆಂದು ಆ ಕಟ್ಟಳೆಯಲ್ಲೇ ಬರೆದಿದೆ. ಅದೇ ವರ್ಷ ಅವರು ವೆರೋನಾಕ್ಕೆ ಹೋಗಿ ಅಲ್ಲಿನ ಕ್ರೂರ ಪ್ರಭು ಎಝೆಲಿನೋನ ಮುಂದೆ ಕೈದಿಗಳ ಬಿಡುಗಡೆಗಾಗಿ ಬೇಡಿಕೊಂಡರು, ಅದು ಫಲಿಸಲಿಲ್ಲ. ಜೂನ್ 13ರಂದು ಪ್ರಾಣಬಿಟ್ಟರು. ವಯಸ್ಸು ಮೂವತ್ತಾರು ದಾಟಿರಲಿಲ್ಲ.

ನಾವು ಮಂಗಳವಾರದ ನವೇನಕ್ಕೆ ಹೋಗಿ ಕಳೆದ ಬೀಗದ ಕೈ, ಹುಡುಗಿಗೆ ವರ, ಮಗನಿಗೆ ವೀಸಾ ಕೇಳುತ್ತೇವೆ, ಕೇಳಬಾರದೆಂದಲ್ಲ. ಡೋರ್ನಹಳ್ಳಿಗೆ ಹರಕೆ ಹೊತ್ತು ಹೋಗಿ ಬಂದವರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ. ಆದರೆ ದುಡಿಯಲು ಗೋವೆಗೆ ಬಂದ ನಮ್ಮ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಮನೆಗಳ ಊರಿನ ಜಮೀನು, ತಾಯಿಯ ಬಳೆ ಇಂದಿಗೂ ಅಡವಿನಲ್ಲಿವೆ. ವಾರದ ಬಡ್ಡಿಗೆ ಕೊಡುವವನು ಸಂಜೆ ಬಾಗಿಲಿಗೆ ಬಂದಾಗ ಮಕ್ಕಳಿಂದ “ಅಪ್ಪ ಮನೆಯಲ್ಲಿಲ್ಲ” ಎಂದು ಹೇಳಿಸುವ ಮನೆಗಳು ನಮಗೆ ಗೊತ್ತು. ಬಾಗಿಲಿಗೆ ಸರಳಿಲ್ಲದಿದ್ದರೂ ಅದು ಸೆರೆಯೇ. ಸಂತ ಅಂತೋಣಿಯವರು ಸಾಲಗಾರರ ವಕೀಲರಾಗಿದ್ದರೆಂಬುದನ್ನು ಆ ಮನೆಗಳಿಗೆ ಯಾರಾದರೂ ಹೇಳಬೇಕು. ಹೇಳುವಾಗ ಜೊತೆಗೆ ಧರ್ಮಕೇಂದ್ರದ ಉಳಿತಾಯ ಸಂಘದ ಅರ್ಜಿಯನ್ನೂ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೊರಡಿ, ಹತ್ತು ಗಂಟೆಯ ನಂತರ ಮುರಕಲ್ಲು ಕಾಯುತ್ತದೆ. ನೀರು, ಟೋಪಿ ಇರಲಿ. ಮಂಗಗಳಿವೆ, ತಿಂಡಿಯ ಚೀಲ ತೋರಿಸಬೇಡಿ. ಗೋಡೆಗಳ ಮೇಲೆ ಹತ್ತುವುದು ಅಪಾಯ, ಹೆಸರು ಕೆತ್ತುವುದು ಅಸಹ್ಯ. ದೇವಾಲಯದ ಬಾಗಿಲು ಮುಚ್ಚಿದ್ದರೆ ಹೊರಗಿನ ಮೆಟ್ಟಿಲ ಬಳಿ ನಿಂತು ಜಪಮಾಲೆಯ ಒಂದು ದಶಕ ಹೇಳಬಹುದು, ನಾವು ಹಾಗೆಯೇ ಮಾಡಿದೆವು. ಬರುವಾಗ ಖೋಲಾದ ಮೆಣಸಿನಕಾಯಿ ಸಿಕ್ಕರೆ ಕೊಂಡುಕೊಳ್ಳಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೆಣಸು ಅದು, ಬಣ್ಣ ಹೆಚ್ಚು, ಮೀನಿನ ಸಾರಿಗೆ ಹೇಳಿ ಮಾಡಿಸಿದ್ದು.

ಕಾರವಾರದ ಕಡೆಯಿಂದ ಬರುವವರು ಕಾಳಿ ನದಿಯ ದಡದಲ್ಲಿ ಸದಾಶಿವಗಡವನ್ನು ದಾಟಿಯೇ ಬರುತ್ತಾರೆ. ಅದೂ ಸೋದೆಯವರದೇ ಕೋಟೆ; ಇಂದು ಹೆದ್ದಾರಿ ಅದೇ ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಆ ಗುಡ್ಡವನ್ನು ಮುಂದಿನ ಸಂಚಿಕೆಯಲ್ಲಿ ಹತ್ತೋಣ.