ನರ್ಸಿಂಗ್ ಹೋಂ: ಹೇಳುವ ದರವೆಷ್ಟು, ತೆರುವ ಬೆಲೆಯೆಷ್ಟು?

ನುಂಗಂಬಾಕ್ಕಂನ ಅಪಾರ್ಟ್‌ಮೆಂಟೊಂದರಲ್ಲಿ ಎಪ್ಪತ್ತೆಂಟರ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯುತ್ತದೆ. ವಾರ ಕಳೆಯುವಷ್ಟರಲ್ಲಿ ವೈದ್ಯರು "ನಾಳೆ ಡಿಸ್ಚಾರ್ಜ್" ಎನ್ನುತ್ತಾರೆ. ಎಂಬತ್ತೆರಡರ ತಂದೆಗೆ ಆಕೆಯನ್ನು ಎತ್ತಿ ಕೂರಿಸುವ ಶಕ್ತಿಯಿಲ್ಲ. ನ್ಯೂಜೆರ್ಸಿಯಲ್ಲಿರುವ ಮಗಳು ಫೋನಿನಲ್ಲಿ ಕೇಳುತ್ತಾಳೆ: "ಅಪ್ಪಾ, ಆ ನರ್ಸಿಂಗ್ ಹೋಂಗೆ ಎಷ್ಟು ಸ್ಟಾರ್ ಇದೆ?" ತಂದೆಯ ಬಳಿ ಉತ್ತರವಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಕ್ಕಳು ದೂರದೇಶದಲ್ಲಿರುವ ನಮ್ಮ ಯಾವ ಕುಟುಂಬದಲ್ಲಾದರೂ ನಡೆಯಬಹುದಾದದ್ದು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಅರುವತ್ತು ದಾಟಿದವರು ಶೇ. 10.4ರಷ್ಟಿದ್ದರು. 2021ರ ಅಂದಾಜಿನಲ್ಲಿ ಈ ಪ್ರಮಾಣ ಶೇ. 13.6ಕ್ಕೆ ಏರಿತ್ತು, ಕೇರಳವನ್ನು ಬಿಟ್ಟರೆ ದೊಡ್ಡ ರಾಜ್ಯಗಳಲ್ಲಿ ಇದೇ ಅತಿ ಹೆಚ್ಚು. ಆದರೂ ಶುಶ್ರೂಷಾ ಕೇಂದ್ರವೊಂದನ್ನು ಅಳೆದು ನೋಡುವ ಬಗೆ ನಮಗಿನ್ನೂ ಕರಗತವಾಗಿಲ್ಲ.

ಒಂದೇ ಹೆಸರು, ಮೂರು ಬಗೆ

ಗೊಂದಲ ಹೆಸರಿನಿಂದಲೇ ಆರಂಭವಾಗುತ್ತದೆ. ಅಮೆರಿಕದಲ್ಲಿ ನರ್ಸಿಂಗ್ ಹೋಂ ಎಂದರೆ ದೀರ್ಘಕಾಲದ ಶುಶ್ರೂಷೆಯ ತಾಣ. ನಮ್ಮಲ್ಲಿ ಅದು ಸಾಮಾನ್ಯವಾಗಿ ಸಣ್ಣ ಖಾಸಗಿ ಆಸ್ಪತ್ರೆ. ವೃದ್ಧಾಶ್ರಮವೆಂದರೆ ಊಟ, ವಸತಿ ಮತ್ತು ಸಹವಾಸ. ಇವೆರಡರ ನಡುವೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೊಸ ಬಗೆಯ ಶುಶ್ರೂಷಾ ಕೇಂದ್ರಗಳು ಚೆನ್ನೈಯಲ್ಲಿ ಹುಟ್ಟಿಕೊಂಡಿವೆ. ಚಿಕಿತ್ಸಾ ಸಂಸ್ಥೆಗಳಿಗೆ 1997ರ ತಮಿಳುನಾಡು ಕಾಯಿದೆ ಮತ್ತು 2018ರ ನಿಯಮಗಳು ಅನ್ವಯಿಸುತ್ತವೆ. ವೃದ್ಧಾಶ್ರಮಗಳನ್ನು ಸಮಾಜ ಕಲ್ಯಾಣ ಇಲಾಖೆ ನೋಡಿಕೊಳ್ಳುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ನೋಂದಣಿ ಯಾವ ಕಾನೂನಿನಡಿ ಆಗಿದೆ? ಪ್ರಮಾಣಪತ್ರವನ್ನು ತೋರಿಸುವಿರಾ?

ಮಗಳು ಕೇಳಿದ ಸ್ಟಾರ್ ಸುಳ್ಳಲ್ಲ. ಅಮೆರಿಕದ ಕೇಂದ್ರ ಸರ್ಕಾರ 2008ರಿಂದ ಅಲ್ಲಿನ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದರವರೆಗೆ ಶ್ರೇಣಿ ನೀಡುತ್ತಿದೆ. ತಪಾಸಣೆಯ ಫಲಿತಾಂಶ, ಸಿಬ್ಬಂದಿಯ ಪ್ರಮಾಣ, ನಿವಾಸಿಗಳ ಆರೋಗ್ಯದ ಮಾಪನಗಳು, ಈ ಮೂರೂ ಅದಕ್ಕೆ ಆಧಾರ. ನಮ್ಮಲ್ಲಿ ಅಂಥ ಸಾರ್ವಜನಿಕ ಶ್ರೇಣಿಯಿಲ್ಲ. ಹಿರಿಯರ ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಮಾನದಂಡಗಳನ್ನು ಪ್ರಸ್ತಾಪಿಸಿದ್ದ ತಿದ್ದುಪಡಿ ಮಸೂದೆಯು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತಾದರೂ ಅಂಗೀಕಾರವಾಗದೆ, 2024ರಲ್ಲಿ ಸದನ ವಿಸರ್ಜನೆಯಾದಾಗ ಬಿದ್ದುಹೋಯಿತು. ಹೀಗಾಗಿ ತಪಾಸಣೆಯ ಹೊಣೆ ಕುಟುಂಬದ ಮೇಲೆಯೇ ಬಂದಿದೆ.

ಖರ್ಚಿನ ಲೆಕ್ಕ

ಫೋನಿನಲ್ಲಿ ಹೇಳುವ ತಿಂಗಳ ದರ ಬಹುಪಾಲು ಕೊಠಡಿ, ಊಟ ಮತ್ತು ಸಾಮಾನ್ಯ ಆರೈಕೆಗೆ ಮಾತ್ರ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಕೇಂದ್ರವು ರೂ. 45,000 ಎಂದು ಹೇಳುತ್ತದೆ ಎಂದುಕೊಳ್ಳಿ. ದಿನಕ್ಕೆ ನಾಲ್ಕು ಡಯಾಪರ್, ಒಂದಕ್ಕೆ ರೂ. 40ರಂತೆ ತಿಂಗಳಿಗೆ ರೂ. 4,800. ಇಪ್ಪತ್ತು ದಿನ ಫಿಸಿಯೋಥೆರಪಿ, ಸಲಕ್ಕೆ ರೂ. 600ರಂತೆ ರೂ. 12,000. ಔಷಧಿ, ರಕ್ತಪರೀಕ್ಷೆಗೆ ರೂ. 6,000. ವೈದ್ಯರ ಭೇಟಿ, ಆಂಬುಲೆನ್ಸಿಗೆ ರೂ. 3,000. ಒಟ್ಟು ರೂ. 70,800, ಅಂದರೆ ಹೇಳಿದ ದರಕ್ಕಿಂತ ಶೇ. 57ರಷ್ಟು ಹೆಚ್ಚು. ಮುಂಗಡ ಠೇವಣಿ ಬೇರೆ.

ಮನೆಯಲ್ಲಿಯೇ ಇಟ್ಟುಕೊಂಡರೆ? ಹನ್ನೆರಡು ಗಂಟೆಯ ಪಾಳಿಯೊಂದಕ್ಕೆ ರೂ. 1,000 ಎಂದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಸೇರಿ ರೂ. 60,000. ಬಾಡಿಗೆಯ ಆಸ್ಪತ್ರೆ ಮಂಚಕ್ಕೆ ರೂ. 4,000. ಮೇಲಿನ ಉಳಿದ ವೆಚ್ಚಗಳು ರೂ. 25,800. ಒಟ್ಟು ರೂ. 89,800. ಆದರೆ ರಾತ್ರಿ ಸಹಾಯಕರು ಬೇಡವೆಂದಾದರೆ ರೂ. 59,800. ಅಂದರೆ ಮನೆಯೋ ಕೇಂದ್ರವೋ ಎಂಬ ನಿರ್ಧಾರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ರೋಗಿಗೆ ರಾತ್ರಿಯಲ್ಲಿ ಇನ್ನೊಬ್ಬರ ಕೈ ಬೇಕೇ? ಇಲ್ಲಿನ ಅಂಕಿಗಳ ಜಾಗದಲ್ಲಿ ತಮಗೆ ತಿಳಿದುಬಂದ ದರಗಳನ್ನು ಹಾಕಿ ಓದುಗರು ಲೆಕ್ಕ ಮಾಡಿ ನೋಡಬೇಕು.

ವಿಮೆಯನ್ನು ನಂಬಿ ಕುಳಿತವರಿಗೆ ಇಲ್ಲಿ ನಿರಾಶೆ ಕಾದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರತುಗಳ ಪಟ್ಟಿಯಲ್ಲಿ ಐದನೆಯ ಸಂಕೇತವು, ಸ್ನಾನ, ಉಡುಗೆ, ಓಡಾಟ ಮುಂತಾದ ದೈನಂದಿನ ನೆರವಿಗಾಗಿ ಮನೆಯಲ್ಲಾಗಲಿ ಕೇಂದ್ರದಲ್ಲಾಗಲಿ ಪಡೆಯುವ ಆರೈಕೆಯನ್ನು ಹೊರಗಿಡುತ್ತದೆ. ಅದನ್ನು ತರಬೇತಿ ಪಡೆದ ನರ್ಸ್ ನೀಡಿದರೂ ಅಷ್ಟೇ. ಎಪ್ಪತ್ತು ದಾಟಿದ ಎಲ್ಲರಿಗೂ 2024ರ ಅಕ್ಟೋಬರಿನಲ್ಲಿ ವಿಸ್ತರಿಸಲಾದ ಆಯುಷ್ಮಾನ್ ಭಾರತ್‌ನ ಐದು ಲಕ್ಷ ರೂಪಾಯಿಗಳ ಸೌಲಭ್ಯವೂ ಆಸ್ಪತ್ರೆಯ ಚಿಕಿತ್ಸೆಗೇ ಹೊರತು ತಿಂಗಳುಗಟ್ಟಲೆಯ ಶುಶ್ರೂಷೆಗಲ್ಲ. 2007ರ ಪೋಷಕರ ಪಾಲನೆಯ ಕಾಯಿದೆ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ಹಾಕಿದ ಮಿತಿಯೂ ತಿಂಗಳಿಗೆ ರೂ. 10,000 ಮಾತ್ರ. ಸಾರಾಂಶವೆಂದರೆ, ಈ ವೆಚ್ಚ ಕುಟುಂಬದ ಉಳಿತಾಯದಿಂದಲೇ ಬರಬೇಕು.

ಗುಣಮಟ್ಟ ಕಾಣುವುದು ರಾತ್ರಿಯಲ್ಲಿ

ಹೊಳೆಯುವ ನೆಲ, ಹವಾನಿಯಂತ್ರಿತ ಸ್ವಾಗತಕೋಣೆ ಗುಣಮಟ್ಟವಲ್ಲ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಂಥ ಹನ್ನೆರಡು ಮಂದಿ ಇರುವಲ್ಲಿ ರಾತ್ರಿ ಇಬ್ಬರೇ ಸಹಾಯಕರಿದ್ದರೆ, ಒಬ್ಬೊಬ್ಬರಿಗೆ ಐದು ನಿಮಿಷವೆಂದರೂ ಪ್ರತಿ ಎರಡು ಗಂಟೆಯಲ್ಲಿ ಒಂದು ಗಂಟೆ ಇಬ್ಬರ ಕೈಯೂ ಅದಕ್ಕೇ ಮೀಸಲು. ಆ ಹೊತ್ತಿನಲ್ಲಿ ಉಳಿದವರು ಗಂಟೆ ಒತ್ತಿದರೆ ಬರುವವರು ಯಾರು? ಆದ್ದರಿಂದ ಹಗಲಿನ ಸಿಬ್ಬಂದಿಯ ಸಂಖ್ಯೆ ಕೇಳಿ ಸುಮ್ಮನಾಗದೆ ರಾತ್ರಿಯ ಸಂಖ್ಯೆಯನ್ನು ಕೇಳಬೇಕು. ಸಾಧ್ಯವಾದರೆ ರಾತ್ರಿ ಎಂಟರ ನಂತರ ಅಥವಾ ಭಾನುವಾರ ಮಧ್ಯಾಹ್ನ ಹೋಗಿ ನೋಡಬೇಕು.

ಬಿಳಿಯ ಸಮವಸ್ತ್ರ ತೊಟ್ಟವರೆಲ್ಲ ನರ್ಸ್‌ಗಳಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಅಥವಾ ಮೂರು ವರ್ಷದ ಜಿ.ಎನ್.ಎಂ. ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿತರಾದವರು ಪ್ರತಿ ಪಾಳಿಯಲ್ಲಿ ಎಷ್ಟು ಜನ ಎಂಬುದನ್ನು ತಿಳಿಯಬೇಕು. ಕಳೆದ ಮೂರು ತಿಂಗಳಲ್ಲಿ ಎಷ್ಟು ಮಂದಿ ಬಿದ್ದರು, ಎಷ್ಟು ಮಂದಿಗೆ ಹಾಸಿಗೆ ಹುಣ್ಣಾಯಿತು, ನಿವಾಸಿಗಳ ತೂಕವನ್ನು ತಿಂಗಳಿಗೊಮ್ಮೆ ಬರೆದಿಡುತ್ತಾರೆಯೇ ಎಂದು ವಿಚಾರಿಸಬೇಕು. ಪುಸ್ತಕ ತೆರೆದು ತೋರಿಸುವವರು ಅರ್ಧ ಪರೀಕ್ಷೆ ಗೆದ್ದಂತೆ.

ನೆರೆಯವರು ಹೋಗಿಬರುವ ಅನುಕೂಲವೂ ಗುಣಮಟ್ಟದ ಭಾಗವೇ. ನುಂಗಂಬಾಕ್ಕಂನ ನೆಲದ ಬೆಲೆಗೆ ಅಂಜಿ ದೂರದ ಹೊರವಲಯಕ್ಕೆ ಹೋದರೆ ಬಾಡಿಗೆ ಉಳಿಯಬಹುದು. ವೃದ್ಧ ಸಂಗಾತಿಯ ಭೇಟಿ ವಾರಕ್ಕೊಮ್ಮೆಗೆ ಇಳಿಯುತ್ತದೆ. ನುಂಗಂಬಾಕ್ಕಂ ನಿಲ್ದಾಣದಿಂದ ರೈಲು ಬದಲಿಸದೆ ತಲುಪಬಹುದಾದ ಕ್ರೋಂಪೇಟೆ, ತಾಂಬರಂ ಕಡೆಯನ್ನು ಮೊದಲು ನೋಡುವುದು ಲೇಸು.

ಭಾಷೆಯೂ ಶುಶ್ರೂಷೆಯೇ

ಐವತ್ತು ವರ್ಷ ತಮಿಳಿನಲ್ಲಿ ವ್ಯವಹರಿಸಿದವರೂ ಮರೆವಿನ ಕಾಯಿಲೆ ಬಂದಾಗ ತಾಯ್ನುಡಿಗೆ ಮರಳುವುದುಂಟು. "ಒಂದಕ್ಕೆ ಹೋಗಬೇಕು" ಎಂದು ಅಜ್ಜಿ ಮೂರು ಬಾರಿ ಹೇಳಿದರೂ ಸಹಾಯಕಿಗೆ ಅರ್ಥವಾಗದಿದ್ದರೆ ಅಜ್ಜಿ ತಾವೇ ಎದ್ದು ಮತ್ತೆ ಬೀಳುತ್ತಾರೆ. ನೋವು, ಉರಿ, ಬಾಯಾರಿಕೆ, ಚಳಿ, ಒಂದಕ್ಕೆ, ಎರಡಕ್ಕೆ ಮುಂತಾದ ಹನ್ನೆರಡು ಮಾತುಗಳನ್ನು ತಮಿಳು ಅರ್ಥದೊಡನೆ ದೊಡ್ಡದಾಗಿ ಬರೆದು ಮಂಚದ ಬಳಿ ಅಂಟಿಸಿದರೆ ಖರ್ಚು ಒಂದು ಹಾಳೆ ಕಾಗದ.

ಬೀಳುವ ಮುನ್ನ

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಡಿಸ್ಚಾರ್ಜಿನ ದಿನ ಹುಡುಕಾಟಕ್ಕೆ ತೊಡಗಿದರೆ ಖಾಲಿಯಿರುವ ಹಾಸಿಗೆಯೇ ಒಳ್ಳೆಯ ಹಾಸಿಗೆಯಾಗಿ ಕಾಣುತ್ತದೆ. ಎಪ್ಪತ್ತೈದು ದಾಟಿದವರಿರುವ ಪ್ರತಿ ಮನೆಯೂ ಎರಡು ಕೇಂದ್ರಗಳನ್ನು ಈಗಲೇ ನೋಡಿಡಬೇಕು. 2024ರಲ್ಲಿ ಗಿಂಡಿಯಲ್ಲಿ ಉದ್ಘಾಟನೆಯಾದ 200 ಹಾಸಿಗೆಗಳ ರಾಷ್ಟ್ರೀಯ ವಯೋವೃದ್ಧರ ಆರೋಗ್ಯ ಕೇಂದ್ರವನ್ನೂ, 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ಮನೆಬಾಗಿಲ ಫಿಸಿಯೋಥೆರಪಿಯನ್ನೂ ಮಧ್ಯಮವರ್ಗದವರೆಂಬ ಸಂಕೋಚ ಬಿಟ್ಟು ವಿಚಾರಿಸಬೇಕು. ಹಿರಿಯರ ಸಹಾಯವಾಣಿ 14567 ಫೋನಿನಲ್ಲಿರಲಿ.

ಸರ್ಕಾರ ಶ್ರೇಣಿ ನೀಡುವವರೆಗೆ ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿಯಾಗಬೇಕು. ಬಂಧುಗಳನ್ನು ಇಂಥ ಕೇಂದ್ರದಲ್ಲಿರಿಸಿದ ಕುಟುಂಬಗಳು ಹೇಳಿದ ದರ, ತೆತ್ತ ಬಿಲ್ಲು, ರಾತ್ರಿಯ ಸಿಬ್ಬಂದಿ, ಈ ಮೂರನ್ನು ಬರೆದಿಟ್ಟು ಸಂಘದ ಮೂಲಕ ಹಂಚಿಕೊಂಡರೆ, ಮುಂದೊಮ್ಮೆ ಮಗಳ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರುತ್ತದೆ.